ಬೆಳಕು ಆರಿಹೋಯಿತು ಅಂದಮೇಲೆ ನೆಹರೂ ಇನ್ನೇನು ಹೇಳಿದರು?

ಗಾಂಧೀಜಿ ಹತ್ಯೆಯಾದ 1948ರ ಜನವರಿ 30ರ ರಾತ್ರಿ ನೆಹರೂ ರೇಡಿಯೋದಲ್ಲಿ ಮಾಡಿದ ಭಾಷಣದ ಒಂದು ಸಾಲು ಎಲ್ಲರಿಗೂ ಗೊತ್ತು. ನಮ್ಮ ಬಾಳಿನ ಬೆಳಕು ಆರಿಹೋಯಿತು ಅನ್ನೋ ಸಾಲು. ಪ್ರತಿ ವರ್ಷ ಅದನ್ನೇ ಗಾಂಧೀಜಿ ಫೋಟೋ ಮೇಲೆ ಬರೆದು ಹಂಚುತ್ತೇವೆ, ಅಲ್ಲಿಗೆ ಮುಗೀತು. ಉಳಿದ ಭಾಷಣ ಕೇಳಿದವರು ತುಂಬಾ ಕಡಿಮೆ.

ದಯವಿಟ್ಟು ಒಮ್ಮೆ ಪೂರ್ತಿ ಕೇಳಿ. ಕೈಯಲ್ಲಿ ಬರೆದುಕೊಂಡ ಹಾಳೆ ಇರಲಿಲ್ಲ. ಸಂಜೆ 5 ಗಂಟೆ ದಾಟಿದ ಮೇಲೆ ಗಾಂಧೀಜಿ ದೆಹಲಿಯಲ್ಲಿ ತಂಗಿದ್ದ ಬಿರ್ಲಾ ಭವನದಲ್ಲಿ ಗುಂಡು ಹಾರಿದೆ, ತಂದೆಯಂತಿದ್ದವರ ದೇಹದ ಮುಂದೆ ಅತ್ತು ಬಂದ ಮನುಷ್ಯ ಮೈಕಿನ ಮುಂದೆ ಕೂತಿದ್ದಾರೆ. ಏನು ಹೇಳಬೇಕೋ, ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ ಅಂತ ದೇಶದ ಪ್ರಧಾನಿ ಬಾಯಿಬಿಟ್ಟು ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ, ಬೆಳಕು ಆರಿತು ಅಂದೆನಲ್ಲ, ಅದು ತಪ್ಪು, ಅದು ಸಾಮಾನ್ಯ ಬೆಳಕಲ್ಲ, ಸಾವಿರ ವರ್ಷ ಆದರೂ ಕಾಣುತ್ತದೆ ಅಂತ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಾರೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇದಾದ ಮೇಲಿನ ಮಾತು. ಕೊಂದವನನ್ನು ಹುಚ್ಚ ಅಂದು ಅಷ್ಟಕ್ಕೇ ಬಿಡಲಿಲ್ಲ. ದೇಶದಲ್ಲಿ ವರ್ಷಗಳಿಂದ ವಿಷ ಹರಡಿದೆ, ಅದು ಜನರ ಮನಸ್ಸಿಗೆ ಹತ್ತಿದೆ, ಅದನ್ನು ಬೇರುಸಮೇತ ಕೀಳಬೇಕು ಅಂದರು. ಮರುಕ್ಷಣವೇ, ಸಿಟ್ಟು ಬಂದಿದೆ ಅಂತ ಯಾರೂ ಕೆಟ್ಟದಾಗಿ ನಡೆದುಕೊಳ್ಳಬಾರದು ಅಂತಲೂ ಅಂದರು. ದೇಶ ಇಬ್ಭಾಗವಾಗಿ ಇನ್ನೂ 6 ತಿಂಗಳೂ ಆಗಿರಲಿಲ್ಲ. ಕೊಂದವನು ಮುಸಲ್ಮಾನ ಅಂತ ಒಂದು ಗಾಳಿಮಾತು ಹಬ್ಬಿದ್ದರೂ ಸಾಕಿತ್ತು, ಎಷ್ಟು ಮನೆಗಳು ಉರಿಯುತ್ತಿದ್ದವೋ! ಹಂತಕ ಹಿಂದೂ ಅಂತ ರೇಡಿಯೋ ಆ ಸಂಜೆಯೇ ಸಾರಿಬಿಟ್ಟಿದ್ದು ಅದಕ್ಕೇ ಅಷ್ಟು ಮುಖ್ಯವಾಯಿತು.

ಆಮೇಲೆ ಕೆಲಸದ ಮಾತು. ಶನಿವಾರ 11.30ಕ್ಕೆ ಮೆರವಣಿಗೆ, 4 ಗಂಟೆಗೆ ಯಮುನೆಯ ದಡದಲ್ಲಿ ಸಂಸ್ಕಾರ, ಬಿರ್ಲಾ ಭವನಕ್ಕೆ ಜಾಸ್ತಿ ಜನ ಬರಬೇಡಿ, ದೂರದ ಊರಿನವರು ಹತ್ತಿರದ ನದಿಗೋ ಸಮುದ್ರಕ್ಕೋ ಹೋಗಿ ಪ್ರಾರ್ಥನೆ ಮಾಡಿ. ದುಃಖದಲ್ಲಿ ದಿಕ್ಕು ತೋಚದ ಜನಕ್ಕೆ ನಾಳೆ ಏನು ಮಾಡಬೇಕು ಅಂತ ಹೇಳುವವರೂ ಬೇಕಾಗುತ್ತದೆ, ಅಲ್ವಾ?

ಅದೇ ರಾತ್ರಿ ಉಪಪ್ರಧಾನಿ ಸರ್ದಾರ್ ಪಟೇಲರೂ ರೇಡಿಯೋದಲ್ಲಿ ಮಾತಾಡಿದರು, ಸೇಡಿನ ಯೋಚನೆ ಬೇಡ ಅಂತ ಬೇಡಿಕೊಂಡರು. ನೆಹರೂ, ಪಟೇಲ್ ಇಬ್ಬರ ನಡುವೆ ಆಗ ದೊಡ್ಡ ಭಿನ್ನಾಭಿಪ್ರಾಯ ಇತ್ತು, ಗಾಂಧೀಜಿ ಪ್ರಾರ್ಥನೆಗೆ ಹೊರಡುವ ಮುಂಚೆ ಪಟೇಲರ ಜೊತೆ ಮಾತಾಡುತ್ತಿದ್ದುದೂ ಅದನ್ನೇ. ಆದರೆ ಇವರಿಬ್ಬರ ಮಾತನ್ನು ಎಲ್ಲರೂ ಕೇಳಲಿಲ್ಲ. ಮಹಾರಾಷ್ಟ್ರದಲ್ಲಿ ಹಂತಕನ ಜಾತಿಯವರು ಅನ್ನೋ ಒಂದೇ ಕಾರಣಕ್ಕೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಅದು ಘೋರ ಅನ್ಯಾಯ.

ಹಾಗಂತ ಆ ಮಾತು ವ್ಯರ್ಥ ಅಂತ ನಾನು ಒಪ್ಪಲ್ಲ. ಇವತ್ತು ದುರಂತ ಆದ ತಕ್ಷಣ ನಮ್ಮ ನಾಯಕರ ಖಾತೆಗಳಲ್ಲಿ ಯಾರೋ ಬರೆದುಕೊಟ್ಟ ಸಂತಾಪದ ನಾಲ್ಕು ಸಾಲು ಬರುತ್ತದೆ, ಸಂಜೆಯೊಳಗೆ ಬೆರಳು ಯಾರ ಕಡೆಗೋ ತಿರುಗಿರುತ್ತದೆ. ಮುಂದಿನ ಸಲ ನಮ್ಮ ಪಕ್ಷದ ನಾಯಕರೇ ಹಾಗೆ ಮಾಡಿದರೂ ಅದರ ಕೆಳಗೇ ಹೋಗಿ ಕೇಳೋಣ: ಜನರನ್ನು ಸಮಾಧಾನ ಮಾಡೋ ಒಂದು ಮಾತು ಇದರಲ್ಲಿ ಎಲ್ಲಿದೆ ಸ್ವಾಮಿ?