ಅಮ್ಮನ ಕೈಯಿಂದ ಕೊಡ ಕಸಿದುಕೊಂಡವರು ನಾವೇ

ಹೋದ ಮಳೆಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿದಳು. ಹಾಗೇನೂ ಜೋರಾಗಿ ಬಿದ್ದಿರಲಿಲ್ಲ, ಕೈ ಊರಿದ್ದಳು ಅಷ್ಟೇ. ಮಣಿಕಟ್ಟು ಮುರಿದಿತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.8. ಮೈನಸ್ 2.5 ಮುಟ್ಟಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ.

ಬಂದವರೆಲ್ಲ ರಾಗಿ ಕೊಡಿ, ಎಳ್ಳುಂಡೆ ಕೊಡಿ ಅಂದರು. ಬೇಡ ಅನ್ನುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ಹುಟ್ಟಿದಾಗಿನಿಂದ ಮುದ್ದೆ ಉಂಡವಳಲ್ಲವೇ ನಮ್ಮಮ್ಮ! ಮುಟ್ಟು ನಿಂತು, ಮೂಳೆ ಕಾಯುವ ಈಸ್ಟ್ರೋಜೆನ್ ಹಾರ್ಮೋನು ಇಳಿದ ಮೇಲೆ ಮೂಳೆ ಕರಗುವ ವೇಗಕ್ಕೆ ಬರೀ ಊಟ ಸಾಲದು.

ನನ್ನ ಜಗಳ ಇನ್ನೊಂದು ಸಲಹೆಯ ಜೊತೆ: "ಇನ್ನು ನೀವು ಏನೂ ಎತ್ತಬೇಡಿ, ಸುಮ್ನೆ ಕೂತಿರಿ." ಇದನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಸೊಂಟದ ಮೇಲೊಂದು, ತಲೆ ಮೇಲೊಂದು ಕೊಡ ಹೊರುತ್ತಿದ್ದವಳನ್ನು ಟಿವಿ ಮುಂದೆ ಕೂರಿಸಿದೆವು. ಮೂಳೆಗೆ ಭಾರ ಬೀಳದಿದ್ದರೆ ಅದು ಗಟ್ಟಿಯಾಗಿ ಉಳಿಯುವುದಿಲ್ಲ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನದಲ್ಲಿ, ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಹೆಂಗಸರು ವಾರಕ್ಕೆರಡು ಸಲ, ಅರ್ಧರ್ಧ ಗಂಟೆ ಭಾರೀ ತೂಕ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು 3% ಏರಿತ್ತು. ಅವರ ಪಕ್ಕದಲ್ಲಿ ತರಬೇತುದಾರರು ನಿಂತಿದ್ದರು ಅನ್ನೋದನ್ನು ಮರೆತು ನಾಳೆಯೇ ಅಜ್ಜಿಗೆ ಅಕ್ಕಿ ಮೂಟೆ ಎತ್ತಿಸಬೇಡಿ, ಮಾರಾಯ್ರೇ.

ಅಮ್ಮನಿಗೆ ಫಿಸಿಯೊಥೆರಪಿಸ್ಟ್ ಶುರು ಮಾಡಿಸಿದ್ದು ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಆಮೇಲೆ ಎರಡು ಕೈಗೂ ನೀರಿನ ಬಾಟಲಿ ಬಂತು. ಟಿವಿ ನೋಡಿಕೊಂಡು ಮಾಡುತ್ತಿದ್ದ ಪಶ್ಚಿಮೋತ್ತಾನಾಸನ ಮಾತ್ರ ಬಿಡಿಸಿದರು. ಟೊಳ್ಳಾದ ಬೆನ್ನುಮೂಳೆ ಹಾಗೆ ಮುಂದಕ್ಕೆ ಬಾಗಿದಾಗ ಕುಸಿಯುವ ಭಯವಿದೆ. ಮೂಳೆಗೆಂದು ವಾರಕ್ಕೊಂದು ಮಾತ್ರೆಯೂ ನಡೆದಿದೆ. ವ್ಯಾಯಾಮ ಶುರುವಾಯಿತೆಂದು ಅದನ್ನು ನಿಲ್ಲಿಸಿಲ್ಲ.

ಇನ್ನು ಮನೆ. ಸೊಂಟದ ಮೂಳೆ ಮುರಿತ ಬಹುಪಾಲು ಆಗುವುದೇ ಬಿದ್ದು. ಹಾಗಿದ್ದೂ ಮಾತ್ರೆಗೆ ಸಾವಿರಾರು ರೂಪಾಯಿ ಸುರಿಯುವ ನಾವು ಬಚ್ಚಲ ಗೋಡೆಗೊಂದು ಸ್ಟೀಲ್ ಹಿಡಿಕೆ ಹಾಕಿಸಲು ಟೈಲ್ಸ್ ಒಡೆಯುತ್ತೆ ಅಂತ ಹಿಂದೆಮುಂದೆ ನೋಡುತ್ತೇವೆ. ಹಿಡಿಕೆ ಹಾಕಿಸಿದೆ. ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ ಬಂತು. ಅಟ್ಟೆ ಸವೆದ ಹವಾಯಿ ಚಪ್ಪಲಿ ಹೊರಗೆ ಹೋಯಿತು. ಕಣ್ಣಿನ ಪೊರೆಯ ಆಪರೇಷನ್ನೂ ಮುಗಿಯಿತು.

ಹಳೇ ಸೀರೆ ಹೆಣೆದು ತಾನೇ ಮಾಡಿದ ಕಾಲೊರಸು ತೆಗೆಯಲು ಮಾತ್ರ ಅಮ್ಮ ಬಿಡುತ್ತಿಲ್ಲ. ಈಗ ಅದರಡಿಗೆ ರಬ್ಬರ್ ಹಾಳೆ ಹೊಲಿಯುತ್ತಿದ್ದಾಳೆ, ಮುರಿದಿದ್ದ ಅದೇ ಕೈಯಲ್ಲಿ.