ಬೈದಿದ್ದಕ್ಕೇ ಓದಿದೆ ಅಂದರು

ಹೋದ ತಿಂಗಳು ಇಲ್ಲೇ ಒಂದು ಕಥೆಯನ್ನು ಬೈದು ಬರೆದಿದ್ದೆ. ಇಂಗ್ಲಿಷಿನ ಒಂದು ಫ್ಯಾಂಟಸಿ ಪತ್ರಿಕೆಯಲ್ಲಿ ಬಂದ ಕಥೆ. ಪತ್ರಿಕೆಯ ಹೆಸರು ಬೇಡ ಬಿಡಿ. "ಹೊರಗೆ ಯುದ್ಧ ನಡೆಯುತ್ತಿದೆ, ಒಳಗೆ ಮಾಟಗಾತಿ ಸಾರು ಕುದಿಸುತ್ತಾ ಕೂತಿದ್ದಾಳೆ. ಸಾರು ಕುದಿಯುತ್ತದೆ, ಕಥೆ ಕುದಿಯುವುದಿಲ್ಲ" ಅಂತ ಬರೆದು, ಭಾರಿ ಜಾಣತನ ಮಾಡಿದೆ ಅಂದುಕೊಂಡು ಮಲಗಿದೆ. ಎರಡು ದಿನ ಬಿಟ್ಟು ಒಬ್ಬರು ಮೆಸೇಜ್ ಮಾಡಿದರು. "ಮೇಡಂ, ನೀವು ಬೈದಿದ್ದಕ್ಕೇ ಹುಡುಕಿ ಓದಿದೆ. ಕತ್ತಿ, ಯುದ್ಧ ಓದಿ ಓದಿ ಸಾಕಾಗಿತ್ತು. ಸಾರು ತುಂಬಾ ಚೆನ್ನಾಗಿತ್ತು."

ಮೊದಲು ಸ್ವಲ್ಪ ಮುಖಭಂಗ ಆಯ್ತು, ನಿಜ. ಆಮೇಲೆ ಖುಷಿಯಾಯಿತು. ಎರಡು ವರ್ಷದಿಂದ ಈ ಪತ್ರಿಕೆಗಳ ಬಗ್ಗೆ ಇಲ್ಲಿ ಗೀಚುತ್ತಿದ್ದೇನೆ. ಅಷ್ಟರಲ್ಲಿ ಒಬ್ಬ ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಬರಹ ಇದೊಂದೇ ಇರಬೇಕು. ಯಾಕೆ ಅಂತ ಯೋಚಿಸಿದಾಗ ನಮ್ಮ ಮಾವ ನೆನಪಾದರು.

ಮಾವ ಅಂದರೆ ಅಮ್ಮನ ಅಣ್ಣ. ದಾವಣಗೆರೆಯಲ್ಲಿದ್ದರು. ಅವರ ಮನೆಗೆ ತುಷಾರ, ಮಯೂರ, ಸುಧಾ ಎಲ್ಲ ಬರುತ್ತಿದ್ದವು. ಬಂದ ದಿನ ಮೊದಲು ಓದುವುದು ಅವರೇ. ಓದಿ ಮುಗಿಸಿ ಪರಿವಿಡಿಯ ಪುಟದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಮಾರ್ಕ್ಸ್ ಕೊಡುತ್ತಿರಲಿಲ್ಲ. ಕೆಲವು ಕಥೆಗಳ ಮುಂದೆ 'ಸ' ಅಂತ ಇರುತ್ತಿತ್ತು. ಸರೋಜತ್ತೆ ಓದಬಹುದು ಅಂತ ಅರ್ಥ. 'ಪು' ಅಂದರೆ ಪುಟ್ಟಿ, ಅಂದರೆ ನಾನು. ಒಂದೊಂದು ಕಥೆಗೆ 'ಸ' ಬರೆದು ಮೇಲೆ ಗೀಟು ಎಳೆದಿರುತ್ತಿದ್ದರು. ಅದರಲ್ಲಿ ಯಾರೋ ಸಾಯುತ್ತಾರೆ, ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲ್ಲ, ಹಾಗಾಗಿ ಬೇಡ ಅಂತ. ಕಥೆ ಕೆಟ್ಟದ್ದು ಅಂತ ಅದರ ಅರ್ಥ ಅಲ್ಲವೇ ಅಲ್ಲ. ಮಾವ ಗೀಟು ಎಳೆದದ್ದನ್ನೇ ಅತ್ತೆ ಮೊದಲು ಓದುತ್ತಿದ್ದರು ಅನ್ನೋದು ಬೇರೆ ಮಾತು.

ಅದಕ್ಕಿಂತ ಒಳ್ಳೆಯ ಪತ್ರಿಕಾ ವಿಮರ್ಶೆಯನ್ನು ನಾನು ಇನ್ನೂ ನೋಡಿಲ್ಲ.

ಈ ಫ್ಯಾಂಟಸಿ ಕಥಾ ಪತ್ರಿಕೆಗಳ ಲೋಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಈ ವಂಶದ ಅಜ್ಜ ಅಂದರೆ ವಿಯರ್ಡ್ ಟೇಲ್ಸ್. ಅಮೆರಿಕದಲ್ಲಿ 1923ರ ಮಾರ್ಚ್‌ನಲ್ಲಿ ಶುರುವಾಯಿತು, ಬೆಲೆ 25 ಸೆಂಟ್. ದೆವ್ವ, ಮಾಟ, ಕತ್ತಿ ಹಿಡಿದ ಸಾಹಸಿಗಳು, ಆಕಾಶದಿಂದ ಬಂದ ಪಿಡುಗುಗಳು, ಎಲ್ಲ ಒಂದೇ ಬುಟ್ಟಿಯಲ್ಲಿ. ಅದರಲ್ಲಿ 'ದಿ ಐರಿ' ಅಂತ ಓದುಗರ ಪತ್ರಗಳ ಅಂಕಣ ಇತ್ತು. ಐರಿ ಅಂದರೆ ಹದ್ದಿನ ಗೂಡು. ಹೆಸರಿಗೆ ತಕ್ಕ ಹಾಗೆ ಓದುಗರು ಕುಕ್ಕುತ್ತಿದ್ದರು. ಯಾವ ಕಥೆ ಇಷ್ಟ, ಯಾವುದು ಬೋರು ಅಂತ ನೇರವಾಗಿ ಬರೆಯುತ್ತಿದ್ದರು. 1924ರಿಂದ 1940ರವರೆಗೆ ಸಂಪಾದಕರಾಗಿದ್ದ ಫಾರ್ನ್ಸ್‌ವರ್ತ್ ರೈಟ್ ಆ ಪತ್ರಗಳನ್ನು ನೋಡಿ, ಹಿಂದಿನ ಸಂಚಿಕೆಯಲ್ಲಿ ಗೆದ್ದ ಕಥೆ ಯಾವುದು ಅಂತ ತಿಳಿಸುತ್ತಿದ್ದರು. ಜಗಳ ಕಥೆಗೆ ಮಾತ್ರ ಅಲ್ಲ, ಮುಖಪುಟಕ್ಕೂ. 1930ರ ದಶಕದಲ್ಲಿ ಬ್ರಂಡೇಜ್ ಅನ್ನುವವರು ಬರೆದ ಮುಖಪುಟಗಳಲ್ಲಿ ಹೆಂಗಸರ ಮೈಮೇಲೆ ಬಟ್ಟೆ ಕಡಿಮೆ. ಇದು ಅಸಹ್ಯ ಅಂತ ಒಂದು ಗುಂಪು, ಇದೇ ಚೆಂದ ಅಂತ ಇನ್ನೊಂದು ಗುಂಪು. ಸಹಿ ಬರೀ 'ಎಂ. ಬ್ರಂಡೇಜ್' ಅಂತ ಇರುತ್ತಿದ್ದರಿಂದ ಅವರು ಮಾರ್ಗರೆಟ್ ಅನ್ನುವ ಹೆಂಗಸು ಅಂತ ಎಷ್ಟೋ ಓದುಗರಿಗೆ ಗೊತ್ತೇ ಇರಲಿಲ್ಲ!

ಆಮೇಲೆ 1939ರಲ್ಲಿ ಅನ್‌ನೋನ್ ಅಂತ ಒಂದು ಬಂತು. ಅದರ ಪಟ್ಟು ಬೇರೆ. ಮಾಯೆ ಇರಲಿ, ಆದರೆ ಮಾಯೆಗೂ ಒಂದು ಲೆಕ್ಕಾಚಾರ ಇರಲಿ, ಸುಮ್ಮನೆ ಮಂತ್ರ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ. ಮಹಾಯುದ್ಧದ ಕಾಲದಲ್ಲಿ ಕಾಗದ ಸಿಗದೆ 1943ರಲ್ಲಿ ನಿಂತುಹೋಯಿತು. ಒಟ್ಟು ಬಂದದ್ದು 39 ಸಂಚಿಕೆ. ಇನ್ನು 1949ರಲ್ಲಿ ಶುರುವಾದದ್ದು ದಿ ಮ್ಯಾಗಜೀನ್ ಆಫ್ ಫ್ಯಾಂಟಸಿ. ಎರಡನೇ ಸಂಚಿಕೆಗೇ ಹೆಸರಿಗೆ ಸೈನ್ಸ್ ಫಿಕ್ಷನ್ ಕೂಡ ಸೇರಿತು. ಅಭಿಮಾನಿಗಳು ಅದನ್ನು ಎಫ್ ಆ್ಯಂಡ್ ಎಸ್‌ಎಫ್ ಅನ್ನುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪತ್ರಿಕೆ. ಕಥೆಗಳಿಗೆ ಒಳಗೆ ಚಿತ್ರ ಹಾಕುತ್ತಿರಲಿಲ್ಲ. ಚಿತ್ರ ನೋಡಲು ಬಂದಿದ್ದರೆ ಹಾಗೇ ಹೊರಡಿ ಅಂದ ಹಾಗೆ.

ಇತ್ತೀಚಿನದು ಬೇಕಂದರೆ ಬಿನೀತ್ ಸೀಸ್‌ಲೆಸ್ ಸ್ಕೈಸ್. 2008ರಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದೆ, ಸಾಮಾನ್ಯವಾಗಿ ಸಂಚಿಕೆಗೆ ಎರಡೇ ಕಥೆ. ಕಥೆ ನಮ್ಮ ಈಗಿನ ಲೋಕದಲ್ಲಿ ನಡೆಯುವ ಹಾಗಿಲ್ಲ. ಸಾಹಸ ಇರಬೇಕು, ಬರವಣಿಗೆಯಲ್ಲಿ ಸಾಹಿತ್ಯದ ಹದವೂ ಇರಬೇಕು. ಇಷ್ಟನ್ನು ಅವರು ಮೊದಲೇ ಹೇಳಿಕೊಂಡಿದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಪ್ರತಿ ಪತ್ರಿಕೆಯೂ ಬಾಗಿಲಲ್ಲೇ ಓದುಗರಿಗೆ ಒಂದು ಮಾತು ಕೊಟ್ಟಿರುತ್ತದೆ. ವಿಮರ್ಶೆ ಮಾಡುವವರು ಮೊದಲು ನೋಡಬೇಕಾದದ್ದು ಆ ಮಾತನ್ನು. ದರ್ಶಿನಿಗೆ ಹೋಗಿ ಮುದ್ದೆ ಸಾರು ಎಲ್ಲಿ ಅಂತ ಜಗಳ ಆಡಬಾರದು. ಹಾಗೇ, ಇಡ್ಲಿ ಕೊಡ್ತೀವಿ ಅಂತ ಬೋರ್ಡ್ ಹಾಕಿ ತಿಂಗಳುಗಟ್ಟಲೆ ಬರೀ ಉಪ್ಪಿಟ್ಟು ಕೊಟ್ಟರೆ ಸುಮ್ಮನಿರಲೂಬಾರದು. ಆದರೆ ನಾವು ಮಾಡುವುದೇನು? ಒಂದೊಂದು ಕಥೆಯನ್ನೂ ಬೇರೆ ಬೇರೆ ಎತ್ತಿ, ಐದಕ್ಕೆ ಮೂರು, ಐದಕ್ಕೆ ನಾಲ್ಕು ಅಂತ ನಕ್ಷತ್ರ ಅಂಟಿಸುತ್ತೇವೆ. ನಾನೂ ಮೊದಲ ಆರು ತಿಂಗಳು ಅದನ್ನೇ ಮಾಡಿದೆ. ಮೂರು ನಕ್ಷತ್ರ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಓದುಗರು ಪತ್ರಿಕೆಗೆ ಚಂದಾ ಕಟ್ಟುವುದು ಒಂದು ಕಥೆ ನಂಬಿಕೊಂಡಲ್ಲ. ಆ ಸಂಪಾದಕರ ರುಚಿ ನಂಬಿಕೊಂಡು. ಕ್ಲಾರ್ಕ್ಸ್‌ವರ್ಲ್ಡ್ ಅನ್ನುವ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಪತ್ರಿಕೆಗೆ 2023ರ ಫೆಬ್ರುವರಿಯಲ್ಲಿ ಏನಾಯಿತು ನೆನಪಿದೆಯಾ? ಎಐ ಕೈಲಿ ಬರೆಸಿದ ಕಥೆಗಳು ಒಂದೇ ತಿಂಗಳಲ್ಲಿ ನೂರಾರು ಬಂದು ಬಿದ್ದವು. ಸಂಪಾದಕ ನೀಲ್ ಕ್ಲಾರ್ಕ್ ಕೆಲವು ದಿನ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಆ ಸುದ್ದಿ ಓದಿದಾಗ ನನಗೆ ಅನ್ನಿಸಿದ್ದು, ನಾವು ಕೊಡುವ ದುಡ್ಡಿನಲ್ಲಿ ಅರ್ಧ ಈ ಜರಡಿ ಹಿಡಿಯುವ ಕೆಲಸಕ್ಕೇ ಅಲ್ವಾ ಅಂತ. ಯಾರೋ ಒಬ್ಬರು ಕೂತು ನೂರು ಕಥೆ ಓದಿ, ತೊಂಬತ್ತೆಂಟನ್ನು ಪಕ್ಕಕ್ಕಿಟ್ಟು, ಎರಡನ್ನು ನಮ್ಮ ಕೈಗೆ ಕೊಡುತ್ತಾರೆ. ಹಾಗಿದ್ದ ಮೇಲೆ ಜರಡಿಯ ತೂತು ಎಷ್ಟು ದೊಡ್ಡದು ಅಂತ ನೋಡುವವರೂ ಒಬ್ಬರು ಬೇಕು. ಅದಕ್ಕೆ ಒಂದು ಸಂಚಿಕೆ ಸಾಲದು, ನಾಲ್ಕೈದು ಓದಬೇಕು. ಹಾಗೆ ಓದಿದಾಗಲೇ ಗೊತ್ತಾಗುವುದು, ಒಂದು ಪತ್ರಿಕೆಯ ಕಥೆಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಿವೆ ಅಂತ. ನಾನು ಓದುತ್ತಿದ್ದ ಒಂದರಲ್ಲಿ ಸತತ ಐದು ಸಂಚಿಕೆಯಲ್ಲಿ ಯಾರಿಗಾದರೂ ಅಮ್ಮನೋ ಅಕ್ಕನೋ ಸತ್ತಿರುತ್ತಿದ್ದರು. ಸತ್ತವರು ಹಕ್ಕಿಯಾಗಿಯೋ ನದಿಯಾಗಿಯೋ ಬರುತ್ತಿದ್ದರು. ಕೊನೆಯ ಸಾಲಲ್ಲಿ ಮಳೆ. ಒಂದೊಂದನ್ನೇ ಓದಿದರೆ ಒಳ್ಳೆಯ ಕಥೆಗಳೇ. ಸಾಲಾಗಿ ಓದಿದರೆ ಮೂರನೆಯದಕ್ಕೆ ನನಗೆ ಆಕಳಿಕೆ ಬಂತು. ಯಾವ ವಿಮರ್ಶೆಯಲ್ಲೂ ಈ ಮಾತು ಕಾಣಲಿಲ್ಲ. ಎಲ್ಲರೂ ಕಥೆ ನೋಡಿದರು, ಸಂಚಿಕೆ ನೋಡಲಿಲ್ಲ.

ಇನ್ನೊಂದು ದೂರು ನನಗೆ ಬಹಳ ಸಿಟ್ಟು ತರಿಸುತ್ತದೆ. "ಲೋಕ ತುಂಬಾ ಚೆನ್ನಾಗಿದೆ, ಆದರೆ ಇದು ಕಾದಂಬರಿ ಆಗಬೇಕಿತ್ತು" ಅನ್ನೋದು. ಫ್ಯಾಂಟಸಿ, ಸೈನ್ಸ್ ಫಿಕ್ಷನ್‌ಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಲೆಕ್ಕದಲ್ಲಿ ಸಣ್ಣಕಥೆ ಅಂದರೆ 7,500 ಪದದ ಒಳಗೆ. ಅಷ್ಟರಲ್ಲಿ ರಾಜವಂಶ, ನಕ್ಷೆ, ದೇವರುಗಳ ಪಟ್ಟಿ ಎಲ್ಲ ಬೇಕು ಅಂದರೆ ಹೇಗೆ? ನಾವು ಚಂದಮಾಮ ಓದಿ ಬೆಳೆದವರು. ಬೇತಾಳ ಕಥೆಯ ಮೇಲೆ ಶಂಕರ್ ಬರೆದ ಆ ಚಿತ್ರ ಕಣ್ಣಿಗೆ ಕಟ್ಟಿದೆ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಸುತ್ತ ಕತ್ತಲು. ಆ ಸ್ಮಶಾನ ಯಾವ ಸೀಮೆಯದು, ಅಲ್ಲಿಗೆ ಕಂದಾಯ ಯಾರು ಕಟ್ಟುತ್ತಾರೆ ಅಂತ ನಾವ್ಯಾರೂ ಕೇಳಲಿಲ್ಲ. ರಾಜ ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತದೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ. ಎರಡೇ ನಿಯಮ. ಅಷ್ಟರಲ್ಲಿ ಒಂದು ಲೋಕ ಎದ್ದು ನಿಂತಿತ್ತು. ಸಣ್ಣ ಫ್ಯಾಂಟಸಿ ಕಥೆಯಿಂದ ನಾನು ಕೇಳುವುದೂ ಇಷ್ಟೇ. ಬೇಗ ಒಂದು ನಿಯಮ ಹೇಳು, ಅದನ್ನು ಮುರಿದರೆ ಏನಾಗುತ್ತದೆ ಅಂತ ತೋರಿಸು.

ನಾನೇನು ಸಾಚಾ ಅಲ್ಲ. ಒಂದು ಸಲ ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕಥೆ ಓದಿದೆ. ಮೊದಲ ಪ್ಯಾರಾದಲ್ಲೇ ಐದು ವಿಚಿತ್ರ ಹೆಸರು. "ಪಾತ್ರಗಳನ್ನು ಪರಿಚಯ ಮಾಡಿಕೊಡುವ ಸೌಜನ್ಯವೂ ಇಲ್ಲ" ಅಂತ ಇಳಿಯುವ ಮೊದಲೇ ಪೋಸ್ಟ್ ಹಾಕಿದೆ. ರಾತ್ರಿ ಮತ್ತೆ ತೆಗೆದು ನೋಡಿದರೆ ಅವು ಪಾತ್ರಗಳೇ ಅಲ್ಲ, ಆ ಊರಿನ ತಿಂಗಳುಗಳ ಹೆಸರು. ನಮ್ಮ ಚೈತ್ರ, ವೈಶಾಖದ ಹಾಗೆ. ಗಪ್‌ಚಿಪ್ಪಾಗಿ ಪೋಸ್ಟ್ ತೆಗೆದೆ. ಆಗಲೇ ಮೂವತ್ತು ಲೈಕ್ ಬಂದಿತ್ತು. ಅವರಲ್ಲಿ ಒಬ್ಬರೂ ಕಥೆ ಓದಿರಲಿಲ್ಲ ಅನ್ನೋದು ನನ್ನ ಪುಣ್ಯ.

ಹಾಗಂತ ಬೈಯುವುದನ್ನೇ ಬಿಡಬೇಕು ಅನ್ನುವವರ ಜೊತೆ ನಾನಿಲ್ಲ. ಆ ಇಂಗ್ಲಿಷ್ ಪತ್ರಿಕೆಗಳ ಕಡೆಯೂ ಈಗ ಹೊಗಳಿಕೆಯೇ ಜಾಸ್ತಿ. ಕಾರಣವೂ ಗೊತ್ತಾಗುತ್ತದೆ. ಬರೆಯುವವರು, ಓದುವವರು, ವಿಮರ್ಶೆ ಮಾಡುವವರು ಎಲ್ಲ ಒಂದೇ ಸಣ್ಣ ಕೇರಿಯವರು. ದುಡ್ಡೂ ಅಷ್ಟಕ್ಕಷ್ಟೇ. ಅಮೆರಿಕದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಲೇಖಕರ ಸಂಘ ಎಸ್‌ಎಫ್‌ಡಬ್ಲ್ಯೂಎ ವೃತ್ತಿಪರ ದರ ಅಂತ 2019ರಲ್ಲಿ ಇಟ್ಟಿದ್ದು ಪದಕ್ಕೆ 8 ಸೆಂಟ್. 4,000 ಪದದ ಕಥೆಗೆ 320 ಡಾಲರ್. ಇಲ್ಲಿ ಕೂತು ಕೇಳಿದರೆ ದೊಡ್ಡ ಮೊತ್ತ, ಅಲ್ಲಿ ಅದರಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಅಂಥವರನ್ನು ಏನಂತ ಬೈಯುವುದು ಅನ್ನಿಸುವುದು ಸಹಜ. ನಮ್ಮಲ್ಲೂ ಅದೇ ಕಥೆ. ದೀಪಾವಳಿ ವಿಶೇಷಾಂಕ ಬಂದ ವಾರ ಫೇಸ್‌ಬುಕ್ ತೆರೆದರೆ ಮುಖಪುಟದ ಫೋಟೊ, ಕೆಳಗೆ "ಅಭಿನಂದನೆಗಳು ಸರ್", "ಸೂಪರ್ ಮೇಡಂ, ಓದಬೇಕು". ಓದುವ ಮೊದಲೇ ಸೂಪರ್! ಒಂದು ತಿಂಗಳು ಕಳೆದ ಮೇಲೆ, ಆ ವಿಶೇಷಾಂಕದ ಹತ್ತು ಕಥೆಗಳಲ್ಲಿ ಆರು ಊರು ಬಿಟ್ಟು ಬಂದವನು ಹಳೇ ಮನೆ ನೋಡಿ ಅಳುವ ಕಥೆಗಳೇ ಅಂತ ಹೇಳುವವರು ಯಾರಾದರೂ ಸಿಗುತ್ತಾರಾ? ಹೇಳಿದರೆ ಜಗಳ. ನಾನೊಮ್ಮೆ ಹೇಳಿ ಇಬ್ಬರ ಸ್ನೇಹ ಕಳಕೊಂಡೆ. ಒಬ್ಬರು ಆಮೇಲೆ ಮತ್ತೆ ರಿಕ್ವೆಸ್ಟ್ ಕಳಿಸಿದರು.

ಅದಕ್ಕೇ ಸಾರಿನ ಕಥೆ ಓದಿದವರ ಮೆಸೇಜ್ ನನಗೆ ಅಷ್ಟು ಹಿಡಿಸಿದ್ದು. ನಾನು ಇಷ್ಟ ಇಲ್ಲ ಅಂದೆ, ಯಾಕೆ ಇಷ್ಟ ಇಲ್ಲ ಅಂತಲೂ ಹೇಳಿದೆ. ಆ 'ಯಾಕೆ' ಅನ್ನುವುದರಲ್ಲೇ ಅವರಿಗೆ ಬೇಕಾದದ್ದು ಸಿಕ್ಕಿತು. ಬರೀ ಎರಡು ನಕ್ಷತ್ರ ಕೊಟ್ಟು ಬಿಟ್ಟಿದ್ದರೆ ಅವರು ಆ ಕಡೆ ತಲೆಯೂ ಹಾಕುತ್ತಿರಲಿಲ್ಲ. "ಮನಮುಟ್ಟುವ ಕಥೆ" ಅಂತ ಹೊಗಳಿದ್ದರೂ ಅಷ್ಟೇ.

ಇನ್ನೊಂದು ಕಷ್ಟ ಇದೆ, ಅದಕ್ಕೆ ನನಗೂ ಪೂರ್ತಿ ದಾರಿ ಸಿಕ್ಕಿಲ್ಲ. ಕಾದಂಬರಿಯಾದರೆ ಮೊದಲ ನೂರು ಪುಟದ ಬಗ್ಗೆ ಹೇಳಿದರೂ ಗುಟ್ಟು ಉಳಿಯುತ್ತದೆ. 3,000 ಪದದ ಕಥೆಯಲ್ಲಿ ಎರಡು ಸಾಲು ಹೇಳಿದರೆ ಅರ್ಧ ಕಥೆ ಹೊರಗೆ ಬಂದ ಹಾಗೆ. ಹಾಗಾಗಿ ಈಗ ಕಥೆ ಹೇಳುವುದನ್ನು ಕಡಿಮೆ ಮಾಡಿದ್ದೇನೆ. ಎಷ್ಟು ಹೊತ್ತು ಹಿಡಿಯುತ್ತದೆ, ಬಸ್ಸಿನಲ್ಲಿ ಓದಬಹುದಾ ಇಲ್ಲಾ ಮನೆಯಲ್ಲಿ ಕೂತೇ ಓದಬೇಕಾ, ಕೊನೆ ಗಂಟು ಹಾಕಿದ್ದಾರಾ ಅಥವಾ ಹಾಗೇ ತೇಲಿಬಿಟ್ಟಿದ್ದಾರಾ, ಯಾರಿಗೆ ಆಗಿಬರುವುದಿಲ್ಲ, ಇಷ್ಟು ಬರೆಯುತ್ತೇನೆ. ಕೊನೆಯದ್ದು ಮಾವನಿಂದ ಕದ್ದದ್ದು.

ಮುಂದಿನ ವಾರದಿಂದ ಪರಿವಿಡಿಯನ್ನೇ ಇಲ್ಲಿ ಹಾಕಿ ಪಕ್ಕದಲ್ಲಿ ಗುರುತು ಬರೆಯಬೇಕು ಅಂತಿದ್ದೇನೆ. ಅದಕ್ಕೆ ನಿಮ್ಮ ರುಚಿ ನನಗೆ ಗೊತ್ತಿರಬೇಕು. ಕಾಮೆಂಟಿನಲ್ಲಿ ಹೇಳಿ. ಡ್ರ್ಯಾಗನ್ ಆಗುತ್ತಾ? ದೆವ್ವ? ಅಡುಗೆ? ನಾಯಿ ಸಾಯುವ ಕಥೆ ಓದುತ್ತೀರಾ, ಇಲ್ಲಾ ಗೀಟು ಎಳೆಯಲಾ?