ಆಮ್ಲಜನಕವನ್ನು ಯಾರೂ ಎಳೆದುಕೊಳ್ಳುವುದಿಲ್ಲ

ಜೀವಕೋಶಕ್ಕೆ ಆಮ್ಲಜನಕ ಸಿಗುವ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ "ಜೀವಕೋಶ ರಕ್ತದಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ" ಅಂತ ಬರೆದಿದ್ದೀರಲ್ಲ, ಆ ಸಾಲು ತಪ್ಪು. ಕೋಶ ತನ್ನೊಳಗಿನ ಆಮ್ಲಜನಕವನ್ನು ಖರ್ಚು ಮಾಡುತ್ತಲೇ ಇರುತ್ತದೆ, ಹಾಗಾಗಿ ಒಳಗೆ ಯಾವಾಗಲೂ ಕಡಿಮೆ, ಹೊರಗೆ ಜಾಸ್ತಿ. ಅಣುಗಳು ಸುಮ್ನೆ ಎಲ್ಲ ಕಡೆಗೂ ಓಡಾಡುತ್ತಿರುತ್ತವೆ, ಜಾಸ್ತಿ ಇರುವ ಕಡೆಯಿಂದ ಹೊರಡುವವು ಜಾಸ್ತಿ, ಅಷ್ಟೇ. ಅದೇ ವಿಸರಣೆ. ಗ್ಲುಕೋಸ್ ಮಾತ್ರ ಕೋಶದ ಪೊರೆಯನ್ನು ಹಾಗೆ ನೇರವಾಗಿ ದಾಟಲಾರದು, ಅದಕ್ಕೆ ಪ್ರೋಟೀನಿನ ಬಾಗಿಲು ಬೇಕು.

ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಅಮ್ಮನ ಡಯಾಲಿಸಿಸ್ ಹೊತ್ತಿನಲ್ಲಿ, ಅಂದರೆ ಮೂತ್ರಪಿಂಡದ ಬದಲು ಯಂತ್ರ ರಕ್ತ ಶುದ್ಧಿ ಮಾಡುವಾಗ. ಆ ಉದ್ದನೆಯ ಪಾರದರ್ಶಕ ಕೊಳವೆಯೊಳಗೆ ಕೂದಲಿನಂಥ ಸಾವಿರಾರು ಟೊಳ್ಳು ನೂಲುಗಳು, ಅವುಗಳ ಒಳಗೆ ರಕ್ತ, ಸುತ್ತ ಯೂರಿಯಾ (ರಕ್ತದಲ್ಲಿ ಸೇರುವ ಕಸ) ಇಲ್ಲದ ದ್ರವ. ಎರಡೂ ಎದುರುಬದುರು ಹರಿಯುತ್ತವೆ. ಯೂರಿಯಾ ತಾನಾಗಿಯೇ ಗೋಡೆ ದಾಟಿ ದ್ರವದ ಕಡೆ ಹೋಗುತ್ತದೆ. ನಾಲ್ಕು ಗಂಟೆ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

ಇನ್ನೊಂದು ಮಾತು ಬಿಟ್ಟುಹೋಗಿದೆ, ದೂರ. ದೂರ 10 ಪಟ್ಟಾದರೆ ವಿಸರಣೆಗೆ ಸಮಯ 100 ಪಟ್ಟು ಬೇಕು. ಕೋಶಗಳು ಅಷ್ಟು ಚಿಕ್ಕದಾಗಿರುವುದಕ್ಕೆ, ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಅವುಗಳ ಪಕ್ಕದಲ್ಲೇ ಹಾದುಹೋಗುವುದಕ್ಕೆ ಇದು ದೊಡ್ಡ ಕಾರಣ ಅಲ್ವಾ? ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಎಷ್ಟು ತೆಳು ಅಂದರೆ, ನಾವು ಸುಮ್ಮನೆ ಕೂತಿದ್ದಾಗ ಕೆಂಪು ರಕ್ತಕಣ ಅಲ್ಲಿರುವುದು ಸುಮಾರು ಮುಕ್ಕಾಲು ಸೆಕೆಂಡ್, ಆಮ್ಲಜನಕ ತುಂಬಿಕೊಳ್ಳಲು ಕಾಲು ಸೆಕೆಂಡೇ ಸಾಕು. ಮಕ್ಕಳೂ ಓದುವ ಲೇಖನ ಇದು, ದಯವಿಟ್ಟು ಆ ಸಾಲು ತಿದ್ದಿ.